ಮಾತಾಡದೆ ಕಿತ್ತ ಸೊಪ್ಪು

ಹಿರಿಯೂರಿಗೆ ಬಂದ ಎರಡನೆಯ ದಿನ ಬೆಳಿಗ್ಗೆ ಒಬ್ಬ ಹೆಂಗಸು ನನ್ನ ಕಾಲ ಬುಡಕ್ಕೆ ಒಂದು ಹಿಡಿ ಸೊಪ್ಪು ಬಿಸಾಡಿ, ಮುಖ ತಿರುಗಿಸಿಕೊಂಡು ಹೋದಳು. ನಾನು ಮಾಡಿದ ತಪ್ಪೆಂದರೆ ಅವಳನ್ನು ಮಾತಾಡಿಸಿದ್ದು. ಗೇಟಿನ ಹತ್ತಿರ ನಿಂತು, "ಅಕ್ಕಾ, ಇಲ್ಲಿ ಹಾಲು ಎಲ್ಲಿ ಸಿಗ್ತದೆ?" ಎಂದು ಕೇಳಿದೆ. ಅವಳು ನಡೆಯುತ್ತಲೇ ಇದ್ದಳು. ಇನ್ನೊಮ್ಮೆ ಜೋರಾಗಿ ಕೇಳಿದೆ. ತಲೆ ತಗ್ಗಿಸಿ ಇನ್ನಷ್ಟು ಬಿರುಸಾಗಿ ನಡೆದಳು. ಕಿವಿ ಕೇಳಿಸದೇನೋ ಎಂದು ಹಿಂದೆಯೇ ಹೋಗಿ ಮೊಣಕೈ ಹಿಡಿದೆ.

"ಬಿಡಮ್ಮ ಅತ್ಲಾಗೆ! ಎಲ್ಲಾ ಹಾಳ್ ಮಾಡ್ದೆಲ್ಲ!" ಎಂದವಳೇ ಕೈಯಲ್ಲಿದ್ದ ಸೊಪ್ಪನ್ನು ನೆಲಕ್ಕೆ ಕುಕ್ಕಿದಳು. ಬಗ್ಗಿ ನೋಡಿದರೆ ಉತ್ತರಾಣಿ. ರಸ್ತೆ ಬದಿಯಲ್ಲಿ ಬೇಕಾಬಿಟ್ಟಿ ಬೆಳೆದು ಸೀರೆಗೆ ಅಂಟಿಕೊಳ್ಳುವ ಕಳೆ. ಅದಕ್ಕೆ ಇಷ್ಟು ರಂಪ.

ಊರಿನಿಂದ ಫೋನ್ ಮಾಡಿದಾಗಲೆಲ್ಲ ನೀವು "ಘಟ್ಟದ ಮೇಲೆ ಹೇಗಿದೆ?" ಎಂದು ಕೇಳುತ್ತೀರಿ. ಎಲ್ಲರಿಗೂ ಒಟ್ಟಿಗೆ ಈ ಪತ್ರದಲ್ಲಿ ಉತ್ತರ ಬರೆಯುತ್ತಿದ್ದೇನೆ. ನಾನು ಕಾರ್ಕಳದ ಕಡೆಯವಳು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು, ಒಂಟಿ ಹೆಂಗಸು ಎನ್ನುವುದು ನಿಮಗೆ ಗೊತ್ತು. ಒಂಟಿ ಹೆಂಗಸು ಎನ್ನುವುದು ಇಲ್ಲಿನ ಮನೆ ಮಾಲೀಕರಿಗೂ ಬಹಳ ಬೇಗ ಗೊತ್ತಾಯಿತು. ಮೂರು ಮನೆಗಳಲ್ಲಿ "ಯಜಮಾನ್ರು ಯಾವಾಗ ಬರ್ತಾರೆ ಮೇಡಂ?" ಎಂದು ಕೇಳಿ, ಬರುವವರು ಯಾರೂ ಇಲ್ಲ ಎಂದ ಮೇಲೆ ಕೀಲಿಕೈ ಕಳೆದುಹೋದ ನಾಟಕ ಆಡಿದರು. ನಾಲ್ಕನೆಯದು ಊರಾಚೆಯ ಮನೆ. ತಾರಸಿ ಸಂಜೆಯ ತನಕ ಸುಡುತ್ತದೆ, ನೀರು ಬಕೆಟ್ಟಿನ ಅಂಚಿನಲ್ಲಿ ಬಿಳಿ ಉಪ್ಪು ಬಿಡುತ್ತದೆ. ಎದುರಿಗೆ ಜಾಲಿಯ ಪೊದೆ, ಅದರಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು. ನಮ್ಮಲ್ಲಿ ಗೋಡೆಯ ಮೇಲೂ ಹಾವಸೆ ಬೆಳೆಯುತ್ತದೆ, ಇಲ್ಲಿ ಕುಂಡದಲ್ಲಿಟ್ಟ ಗಿಡವೂ ಬದುಕಲು ಯೋಚನೆ ಮಾಡುತ್ತದೆ.

ಊಟದ ವಿಷಯ ಕೇಳಬೇಡಿ. ಮುದ್ದೆಯನ್ನು ನಾನು ಮೊದಲ ವಾರ ಅಗಿದೆ. ಕ್ಯಾಂಟೀನಿನಲ್ಲಿ ಎದುರು ಕೂತಿದ್ದ ಹುಡುಗಿಯರು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕರು. ಈಗ ಅಗಿಯದೆ ನುಂಗುತ್ತೇನೆ, ಅದೊಂದು ನನ್ನ ವಿಜಯ. ಆದರೆ ಕುಚ್ಚಲಕ್ಕಿ ಗಂಜಿಯ ನೆನಪಾದ ದಿನ ಬಾಗಿಲು ಹಾಕಿಕೊಂಡು ಅತ್ತಿದ್ದೂ ಉಂಟು.

ಸೊಪ್ಪು ಎಸೆದವಳು ಪಕ್ಕದ ಮನೆಯವಳೇ ಎಂದು ಅಂದು ಸಂಜೆ ತಿಳಿಯಿತು. ಹೆಸರು ಈರಕ್ಕ. ಮಗ ಕುರಿ ಮೇಯಿಸಿಕೊಂಡು ವರ್ಷದಲ್ಲಿ ಅರ್ಧ ಕಾಲ ಹೊರಗೇ ಇರುತ್ತಾನೆ. ಮನೆಯಲ್ಲಿ ಅತ್ತೆ ಮತ್ತು ಸೊಸೆ ಪವಿತ್ರ ಇಬ್ಬರೇ. ಪವಿತ್ರ ಗೋಡೆಯ ಮೇಲಿಂದ ನನಗೆ ಪಾಠ ಮಾಡಿದಳು.

"ಸೊಪ್ಪು ಕಿತ್ಮೇಲೆ ಯಾರ್ನೂ ಮಾತಾಡ್ಸಂಗಿಲ್ಲ ಮೇಡಮ್ಮ. ನೋವಿದ್ದೋರ ಕೈಗೆ ಕೊಡೋಗಂಟ ಬಾಯಿ ಬಿಡಂಗಿಲ್ಲ. ಮಾತಾಡಿದ್ರೆ ಅದ್ರ ಗುಣ ಹೋಗ್ತೈತೆ. ಅತ್ತೆ ಮತ್ತೆ ನಾಳೆ ಬೆಳಿಗ್ಗೆ ಎದ್ದು ಹೋಗ್ಬೇಕು."

"ಮಾತಾಡಿದರೆ ಎಲೆಯೊಳಗಿನ ರಸಾಯನ ಬದಲಾಗ್ತದಾ?" ಎಂದೆ.

"ಅದೆಲ್ಲ ನಂಗೇನ್ ಗೊತ್ತು? ಇನ್ನೊಂದು, ಯಾವ್ ಸೊಪ್ಪು ಅಂತ ಹೇಳಂಗಿಲ್ಲ, ಯಾರು ಕೊಟ್ರು ಅಂತ್ಲೂ ಹೇಳಂಗಿಲ್ಲ. ಕೊಟ್ಟೋರ ಕೈಗುಣಾನೂ ಹೋಗ್ತೈತೆ."

ಎಂಥ ಅನುಕೂಲದ ಶಾಸ್ತ್ರ! ಗುಣವಾದರೆ ಸೊಪ್ಪಿನ ಮಹಿಮೆ, ಗುಣವಾಗದಿದ್ದರೆ ಹಾಲು ಕೇಳಿದವಳ ತಪ್ಪು. ಅಂದಿನಿಂದ ನಾನು ತರಗತಿಯಲ್ಲಿ ಈ ಕಥೆ ಹೇಳಿ ಮಕ್ಕಳನ್ನು ನಗಿಸುತ್ತಿದ್ದೆ. ಮಕ್ಕಳು ನಗುತ್ತಿದ್ದರು, ಆಮೇಲೆ ಮನೆಗೆ ಹೋಗಿ ಕೆಮ್ಮಿಗೆ ಲಕ್ಕಿ ಸೊಪ್ಪಿನ ಹಬೆ ತೆಗೆದುಕೊಳ್ಳುತ್ತಿದ್ದರು. ಈರಕ್ಕನ ಅಂಗಳಕ್ಕಂತೂ ದಿನವೂ ಒಬ್ಬರಲ್ಲ ಒಬ್ಬರು. ಹಲ್ಲು ನೋವು, ಸೊಂಟ ನೋವು, ಮಗುವಿನ ಅಳು. ಕೊಡುವುದು ಬಿಟ್ಟಿ, ಅದೊಂದನ್ನು ಒಪ್ಪಬೇಕು.

ನೀವು ಅಲ್ಲಿ ಕೂತು ಹೆಚ್ಚು ನಗಬೇಡಿ. ಆಟಿ ಅಮಾವಾಸ್ಯೆಯ ದಿನ ಬೆಳಗಾಗುವ ಮುಂಚೆ ಹಾಲೆ ಮರದ ತೊಗಟೆಯನ್ನು ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು, ಕತ್ತಿ ಮುಟ್ಟಿಸಬಾರದು ಎನ್ನುವವರು ನಾವೇ. ಆ ಕಹಿ ಕಷಾಯ ಕುಡಿದು ವರ್ಷವಿಡೀ ರೋಗ ಬಾರದು ಎಂದು ನಂಬಿ, ಮರುವಾರ ಜ್ವರ ಬಂದು ಡಾಕ್ಟರ ಬಾಗಿಲಲ್ಲಿ ಸಾಲು ನಿಲ್ಲುವವರೂ ನಾವೇ. ಆದರೆ ಇಲ್ಲಿಗೆ ಬಂದ ಮೇಲೆ ನನಗೆ ಅದೆಲ್ಲ ಮರೆತುಹೋಯಿತು. ನಮ್ಮದು ಪರಂಪರೆ, ಇವರದು ಮೂಢತನ ಎಂದು ಯಾವಾಗ ಅನ್ನಿಸಲು ಶುರುವಾಯಿತೋ ಗೊತ್ತಿಲ್ಲ. ದೂರದಲ್ಲಿ ಕೂತರೆ ಊರಿನ ಕಸವೂ ಕಸ್ತೂರಿಯಂತೆ ಕಾಣುತ್ತದೆ.

ಆ ಅಹಂಕಾರಕ್ಕೆ ಒಂದು ಕುಂಡವೂ ಇತ್ತು. ಅಮ್ಮನ ಹಿತ್ತಿಲಿನಿಂದ ತಂದ ಇನ್ಸುಲಿನ್ ಗಿಡ. ನಮ್ಮಲ್ಲಿ ಮನೆಮನೆಯ ಬಚ್ಚಲ ಬದಿಯಲ್ಲಿ ಸುರುಳಿ ಸುತ್ತಿಕೊಂಡು ಬೆಳೆಯುತ್ತದಲ್ಲ, ಅದೇ. ಸಕ್ಕರೆ ಕಾಯಿಲೆಗೆ ದಿನಕ್ಕೊಂದು ಎಲೆ ತಿಂದರಾಯಿತು ಎಂದು ಹೇಳುವುದನ್ನು ಕೇಳಿಕೊಂಡೇ ಬೆಳೆದವಳು ನಾನು. ಅದು ಔಷಧದ ಜಾಗದಲ್ಲಿ ನಿಲ್ಲುವಂಥದ್ದಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ತಂದಿದ್ದೆ, ಹಸಿರು ನೋಡಲು. ಬಿಸಿಲಿಗೆ ಬಾಡದಂತೆ ಅದನ್ನು ಬಚ್ಚಲ ಹಿಂದೆ ನೆರಳಿನಲ್ಲಿಟ್ಟು, ಕುಡಿಯುವ ನೀರನ್ನೇ ಹಾಕಿ ಸಾಕಿದೆ. ಮಾತಾಡಲು ಬೇರೆ ಯಾರಿದ್ದರು?

ಒಂದು ದಿನ ಈರಕ್ಕ ಗೋಡೆಯಾಚೆ ತಂಗಟೆ ಹೂ ಒಣಗಲು ಹಾಕುತ್ತಿದ್ದಳು. ತನಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆಯ ಜೊತೆ ಇದರ ಕಷಾಯ ಕುಡಿಯುತ್ತೇನೆ ಎಂದಳು. ನಾನು ಮೂಗು ಮುರಿದೆ.

"ಈ ಒಣ ಹೂವಿನಿಂದ ಎಂತ ಆಗ್ತದೆ ಈರಕ್ಕ? ಗಿಡ ಅಂದ್ರೆ ನಮ್ಮ ಕಡೇದು. ಇದೊಂದು ಮನೆಯಲ್ಲಿದ್ರೆ ಸಕ್ಕರೆ ಹತ್ರ ಸುಳಿಯೋದಿಲ್ಲ" ಎಂದು ಎರಡು ಎಲೆ ಕಿತ್ತು ಅವಳ ಕೈಗೆ ಇಟ್ಟೆ.

ಯಾಕೆ ಹಾಗೆ ಹೇಳಿದೆ? ನಾನೇ ನಂಬದ ಮಾತನ್ನು ಯಾಕೆ ಆಡಿದೆ? ಗೆಲ್ಲಬೇಕಿತ್ತು, ಅಷ್ಟೇ. ಈರಕ್ಕ ಆ ಎಲೆಗಳನ್ನು ಕಣ್ಣಿಗೊತ್ತಿಕೊಂಡಳು. "ಓದಿದೋರ ಕೈ" ಎಂದಳು. ಆಮೇಲೆ ದಿನವೂ ಬೆಳಿಗ್ಗೆ ನನ್ನ ಗೇಟಿನ ಮುಂದೆ ಅಂಗೈ ಚಾಚಿ ನಿಲ್ಲತೊಡಗಿದಳು. ಸೊಪ್ಪಿನ ಈರಕ್ಕನೇ ನನ್ನ ಬಾಗಿಲಿಗೆ ಬರುತ್ತಾಳೆ ಎಂದು ನಾನು ಒಳಗೊಳಗೇ ಬೀಗಿದೆ. ಬದಲಿಗೆ ಅವಳ ಮನೆಯ ಮಜ್ಜಿಗೆ ಬರತೊಡಗಿತು, ಸಂಜೆ "ಬರ್ರಿ ಮೇಡಮ್ಮ, ಕುಂತ್ಕಳ್ರಿ" ಎಂಬ ಕರೆಯೂ ಬಂತು. ಈ ಊರಿನಲ್ಲಿ ನನಗೂ ಒಂದು ಕಟ್ಟೆ ಸಿಕ್ಕಿತ್ತು.

ಎರಡು ತಿಂಗಳಾದ ಮೇಲೆ ಈರಕ್ಕ ಕುಂಟುತ್ತಾ ಬಂದಳು. ಜಾಲಿ ಮುಳ್ಳು ಚುಚ್ಚಿತ್ತಂತೆ, ಅದಕ್ಕೆ ಯಾವುದೋ ಸೊಪ್ಪು ಅರೆದು ಬಟ್ಟೆ ಕಟ್ಟಿದ್ದಳು. ನಾಲ್ಕು ದಿನ ಬಿಟ್ಟು ನೋಡಿದರೆ ಅದೇ ಬಟ್ಟೆ, ಆದರೆ ಹತ್ತಿರ ನಿಂತರೆ ವಾಸನೆ. ಬಲವಂತವಾಗಿ ಬಿಚ್ಚಿಸಿದೆ. ಕಿರುಬೆರಳು ಕಪ್ಪಾಗಿತ್ತು, ಪಾದ ಊದಿ ಹೊಳೆಯುತ್ತಿತ್ತು.

"ಸಕ್ಕರೆ ಮಾತ್ರೆ ಸರಿಯಾಗಿ ತಗೊಳ್ತಿದ್ದೀರಲ್ಲ?" ಎಂದೆ.

"ಅದ್ನ ಬಿಟ್ಟು ಎಲ್ಡು ತಿಂಗ್ಳಾತಲ್ಲ. ನೀವೇ ಎಲೆ ಕೊಡ್ತೀರಲ್ಲ ಮೇಡಮ್ಮ. ಕೈಯಾಗೆ ಕೊಟ್ಟಿದ್ದು ಹೊಟ್ಟ್ಯಾಗಿರೋವಾಗ ಇಂಗ್ಲಿಷ್ ಔಷ್ದಿ ಕೂಡಿಸ್ಬಾರ್ದು. ಒಂದನ್ನೊಂದು ತಿಂತಾವೆ."

"ತಂಗಟೆ ಕಷಾಯ ಕುಡೀವಾಗ ಮಾತ್ರೆನೂ ತಗೊಳ್ತಿದ್ರಲ್ಲ!"

"ಅದು ನಾನೇ ಕಾಸ್ಕೊಂಡು ಕುಡಿಯೋದು. ಇದು ಇನ್ನೊಬ್ರು ಕೈ ಎತ್ತಿ ಕೊಟ್ಟಿದ್ದು. ಬ್ಯಾರೆ ಅಲ್ವಾ?"

ಊರಿನ ಅತಿ ಸಣ್ಣ ಮಗುವಿಗೂ ಗೊತ್ತಿದ್ದ ಆ ಪಥ್ಯ ನನಗೆ ಗೊತ್ತಿರಲಿಲ್ಲ, ಏಕೆಂದರೆ ಅವರ ಯಾವ ಮಾತನ್ನೂ ನಾನು ನಗದೆ ಕೇಳಿರಲಿಲ್ಲ.

ದುರ್ಗಕ್ಕೆ, ಅಂದರೆ ಚಿತ್ರದುರ್ಗಕ್ಕೆ, ಕಾರು ಮಾಡಿಕೊಂಡು ಹೋದೆವು. ದಾರಿಯುದ್ದಕ್ಕೂ ಪವಿತ್ರ ಅತ್ತೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಡೀ ಪಾದ ಹೋಗಬಹುದು, ತಡವಾಗಿದೆ ಎಂದರು ಡಾಕ್ಟರು. ಆಮೇಲೆ ಈರಕ್ಕನ ಮಂಚದ ಬಳಿ ನಿಂತು ಗದರಿಸಿದರು: "ಮಾತ್ರೆ ಬಿಡಿಸಿ ಸೊಪ್ಪು ತಿನ್ನಿಸಿದ್ದು ಯಾರಮ್ಮ? ಹೆಸರು ಹೇಳು. ಇಂಥೋರ್ನ ಒಳಗೆ ಹಾಕಿಸ್ಬೇಕು."

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಹ್ಯಾಂಡ್‌ಬ್ಯಾಗ್ ಹಿಡಿದು, ಕಾಲೇಜಿನ ಗುರುತಿನ ಚೀಟಿ ಕೊರಳಲ್ಲಿ ಹಾಕಿಕೊಂಡು. ಈರಕ್ಕ ನನ್ನತ್ತ ಕಣ್ಣು ಹಾಯಿಸಲೂ ಇಲ್ಲ.

"ಕೊಟ್ಟೋರ ಹೆಸ್ರು ಹೇಳಂಗಿಲ್ಲ ಸಾ" ಎಂದಳು.

ಡಾಕ್ಟರು ನನ್ನ ಕಡೆ ತಿರುಗಿ, "ನೋಡಿ ಮೇಡಂ, ನೀವು ವಿದ್ಯಾವಂತರು, ಇವರಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದರು. ನಾನು ತಲೆಯಾಡಿಸಿದೆ. ಬಾಯಿ ಬಿಟ್ಟು ನಾನೇ ಎನ್ನಬೇಕಿತ್ತು, ಅನ್ನಲಿಲ್ಲ. ಬದುಕಿನಲ್ಲಿ ಅಷ್ಟು ಅಸಹ್ಯ ನನಗೆ ಯಾರ ಮೇಲೂ ಬಂದಿಲ್ಲ, ಅಂದು ನನ್ನ ಮೇಲೆ ಬಂತು.

ಪಾದ ಉಳಿಯಿತು, ಎರಡು ಬೆರಳು ಹೋದವು. ಮನೆಗೆ ಬಂದ ದಿನವೇ ನಾನು ಇನ್ಸುಲಿನ್ ಗಿಡವನ್ನು ಬೇರುಸಹಿತ ಕಿತ್ತು ಎಸೆದೆ. ಆದರೆ ಗಿಡ ಹೋದರೂ ಈರಕ್ಕನ ನಂಬಿಕೆ ಹೋಗಲಿಲ್ಲ. ಮಾತ್ರೆ ನುಂಗಲು ಒಪ್ಪಲೇ ಇಲ್ಲ.

"ಮೊದ್ಲು ನುಂಗ್ತಿದ್ದೆ, ಕೈ ಎತ್ತಿ ಕೊಟ್ಟಿದ್ದು ತಿಂದ್ಮೇಲೆ ಅದು ಹತ್ತಂಗಿಲ್ಲ. ಅಂಗ್ಡಿಯಾಗೆ ಕೊಂಡಿದ್ದು, ಯಾರ್ ಕೈದೋ ಏನೋ. ಅದ್ರಾಗೆ ಗುಣ ಎಲ್ಲೈತೆ?"

"ಈರಕ್ಕ, ಮತ್ತೆ ಬಿಟ್ಟರೆ ಕಾಲೇ ಹೋಗ್ತದೆ. ಜೀವ ಹೋಗ್ತದೆ!"

"ಹಂಗಾರೆ ನೀವೇ ಕೊಡ್ರಿ. ಎಲೆ ಕೊಟ್ಟಂಗೆ."

"ಪವಿತ್ರ ಕೊಡಲಿ."

"ಸೊಸೆ ಕೈಯಾಗೆ ಗುಣ ಇರ್ತೈತಾ?" ಎಂದಳು. ಪವಿತ್ರ ಒಳಗೆ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು.

ಕೂಗಾಡಿದೆ, ಬೇಡಿಕೊಂಡೆ, ದೇಹದ ಚಿತ್ರ ಬರೆದು ತೋರಿಸಿದೆ. ನನ್ನ ಕೈಯಿಂದ ಅಷ್ಟು ದೊಡ್ಡ ಅನಾಹುತವಾದ ಮೇಲೂ ನನ್ನ ಕೈಯೇ ಬೇಕೆನ್ನುವ ತರ್ಕವನ್ನು ಯಾವ ಕಾಲೇಜು ಕಲಿಸುತ್ತದೆ? "ನಿಮ್ ಎಲೆ ಕೆಟ್ಟದ್ದಲ್ಲ ಮೇಡಮ್ಮ, ಈ ನೀರಿಗೆ ಒಗ್ಗಿಲ್ಲ ಅಷ್ಟೆ. ಕೈ ಒಗ್ಗೈತೆ" ಎಂದಳು. ಸೋತೆ.

ಈಗ ದಿನವೂ ಬೆಳಿಗ್ಗೆ ಏಳು ಗಂಟೆಗೆ ನಾನು ಮಾತ್ರೆಯ ಹಾಳೆ ಒಡೆದು, ಒಂದನ್ನು ಅಂಗೈಯಲ್ಲಿಟ್ಟುಕೊಂಡು ಪಕ್ಕದ ಮನೆಗೆ ನಡೆಯುತ್ತೇನೆ. ಮಾತಾಡುವ ಹಾಗಿಲ್ಲ. ಒಮ್ಮೆ ದಾರಿಯಲ್ಲಿ ಪ್ರಾಂಶುಪಾಲರು ಸ್ಕೂಟರ್ ನಿಲ್ಲಿಸಿ "ಗುಡ್ ಮಾರ್ನಿಂಗ್ ಮೇಡಂ" ಎಂದರು. ತಲೆ ತಗ್ಗಿಸಿ ಬಿರುಸಾಗಿ ಮುಂದೆ ನಡೆದೆ. ಉತ್ತರ ಕೊಟ್ಟಿದ್ದರೆ, ಕಟ್ಟೆಯಲ್ಲಿ ಕೂತು ನೋಡುತ್ತಿದ್ದ ಈರಕ್ಕ ಆ ಮಾತ್ರೆಯನ್ನು ಜಾಲಿ ಪೊದೆಗೆ ಎಸೆಯುತ್ತಿದ್ದಳು. ಸಸ್ಯಶಾಸ್ತ್ರದಲ್ಲಿ ಎರಡು ಪದವಿ ಪಡೆದು ನಾನು ತಲುಪಿದ ಎತ್ತರ ಇದು.

ಈ ರಜೆಯಲ್ಲಿ ಹತ್ತು ದಿನ ಊರಿಗೆ ಬಂದಿದ್ದಾಗ ನಿಮ್ಮಲ್ಲಿ ಹಲವರು ನನ್ನನ್ನು ನೋಡಿದಿರಿ. "ಘಟ್ಟದವಳೇ ಆಗಿಬಿಟ್ಟೆ, ಮಾತೇ ಬದಲಾಗಿದೆ" ಎಂದಿರಿ. ಇಲ್ಲಿ ಮಂಗಳೂರು ಮೇಡಮ್ಮ, ಅಲ್ಲಿ ಘಟ್ಟದವಳು. ಹಾವಸೆಯ ವಾಸನೆಗೆ ಎರಡೇ ದಿನದಲ್ಲಿ ಮೂಗು ಕಟ್ಟಿತು. ಮೀನು ಸಾರಿನ ಜೊತೆ ಮುದ್ದೆ ಇದ್ದಿದ್ದರೆ ಎನಿಸಿದಾಗ ನನಗೇ ಹೆದರಿಕೆಯಾಯಿತು.

ಆ ಹತ್ತು ದಿನಕ್ಕೆ ಈರಕ್ಕ ಒಂದು ರಿಯಾಯಿತಿ ಕೊಟ್ಟಿದ್ದಳು. ಫೋನಿನಲ್ಲಿ ನನ್ನ ಕೈ ಕಂಡರೆ ಸಾಕು. ಹಾಗಾಗಿ ಬೆಳಿಗ್ಗೆ ಏಳಕ್ಕೆ ನಾನು ಅಣ್ಣನ ಮನೆಯ ಜಗಲಿಯಲ್ಲಿ ನಿಂತು, ಫೋನಿಗೆ ಖಾಲಿ ಅಂಗೈ ಚಾಚುತ್ತಿದ್ದೆ. ಅತ್ತ ಪವಿತ್ರ ಫೋನ್ ಹಿಡಿದಿರುತ್ತಿದ್ದಳು, ಈರಕ್ಕ ಮಾತ್ರೆಯನ್ನು ಪರದೆಗೆ ಮುಟ್ಟಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಹೊರಡುವ ಹಿಂದಿನ ದಿನ ಅದೇ ಹೊತ್ತಿಗೆ ಅಮ್ಮ ಜಗಲಿಗೆ ಬಂದಳು. ಕೈಯಲ್ಲಿ ಊರಿನ ಕಡೆಗೆ ವರ್ಗಾವಣೆ ಕೇಳುವ ಅರ್ಜಿ. ಹಿರಿಯೂರು ಸೇರಿದಾಗಿನಿಂದ ಪ್ರತಿ ವರ್ಷವೂ ಮೊದಲ ದಿನವೇ ತುಂಬುತ್ತಿದ್ದವಳು ನಾನು, ಈ ಸಲ ಮೇಜಿನ ಮೇಲೆಯೇ ಬಿಟ್ಟಿದ್ದೆ.

"ಇದನ್ನು ಹಾಕುದಿಲ್ವಾ ನೀನು? ನಾಳೆ ಕಡೇ ದಿನ ಅಲ್ವಾ?"

ಪರದೆಯಲ್ಲಿ ಈರಕ್ಕ ಮಾತ್ರೆ ಹಿಡಿದು ನನ್ನ ಕೈಗೇ ಕಾಯುತ್ತಿದ್ದಳು. ನಾನು ಅಂಗೈ ಚಾಚಿದೆ.

"ಎಂತ ಮಾರಾಯ್ತಿ, ಕಿವಿ ಕೇಳುದಿಲ್ವಾ? ಊರಿಗೆ ಬರ್ತೀಯಾ, ಇಲ್ವಾ?" ಎಂದು ಅಮ್ಮ ನನ್ನ ಮೊಣಕೈ ಹಿಡಿದು ಅಲುಗಿಸಿದಳು.

ತುಟಿ ಬಿಗಿಹಿಡಿದು ನಿಂತೆ. ಈರಕ್ಕ ನೀರು ಕುಡಿದಳು, ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು, ಬಾಯಿ ಅಗಲಿಸಿ ತೋರಿಸಿದಳು. ಮಾತ್ರೆ ಇಳಿದಿತ್ತು. ಇನ್ನು ನಾನು ಮಾತಾಡಬಹುದಿತ್ತು. ಅಮ್ಮ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.