ದರ್ಜಿಯ ಅರ್ಥಶಾಸ್ತ್ರ

ನಮ್ಮ ಬೀದಿಯ ದರ್ಜಿಯ ಮುಂದೆ ಮಗುವನ್ನು ಶಾಲೆ ಬಿಡಿಸುವ ಮಾತು ಮಾತ್ರ ಎತ್ತಬಾರದು. ಎತ್ತಿದರೆ ಕೊರಳಲ್ಲಿ ಟೇಪು, ಕೈಯಲ್ಲಿ ಕತ್ತರಿ ಸಮೇತ ಆ ಮಗುವಿನ ಮನೆಗೇ ಓಡುತ್ತಾನೆ. ಕತ್ತರಿ ಕಂಡೊಡನೆ ಎಂಥ ಹಟಮಾರಿ ಅಪ್ಪನೂ ಅರ್ಧ ಒಪ್ಪಿಬಿಡುತ್ತಾನೆ. ಉಳಿದರ್ಧಕ್ಕೆ ದರ್ಜಿಯ ಭಾಷಣ: "ಹತ್ತನೇ ಕ್ಲಾಸು ಮುಗಿಸಿದವನಿಗೆ ಇಂಟರ್‌ವ್ಯೂಗೆ ಒಂದು ಪ್ಯಾಂಟು ಬೇಕು. ಸಂಬಳ ಬಂತು, ಇನ್ನೆರಡು! ಮದುವೆ ಆಯ್ತು, ಕೋಟು! ಹೊಟ್ಟೆ ಬಂತು, ಎಲ್ಲಾನೂ ಬಿಚ್ಚಿ ಹೊಲೀಬೇಕು! ಅರ್ಧಕ್ಕೆ ಬಿಟ್ಟವನು ಏನ್ ತರ್ತಾನೆ? ಹಳೇ ಪ್ಯಾಂಟಿಗೆ ತೇಪೆ!" ಪಕ್ಕದ ಚಪ್ಪಲಿ ಅಂಗಡಿಯವನಿಗೂ ಎದುರಿನ ಕನ್ನಡಕದವನಿಗೂ ಈಗ ಇದು ಬಾಯಿಪಾಠ. ದರ್ಜಿ ಶಾಲೆಯ ಚಡ್ಡಿಗೂ ಸೊಂಟದ ಒಳಗೆ ಮೂರು ಬೆರಳು ಹೆಚ್ಚುವರಿ ಬಟ್ಟೆ ಮಡಚಿಡುತ್ತಾನೆ: "ಮುಂದೆ ಮ್ಯಾನೇಜರ್ ಆಗೋ ಹೊಟ್ಟೆ ಇದು!" ಫಲಿತಾಂಶದ ದಿನವಂತೂ ಪಾಸಾದವರನ್ನು ನಡುಬೀದಿಯಲ್ಲೇ ನಿಲ್ಲಿಸಿ ಅಳತೆ ತೆಗೆಯುತ್ತಾನೆ. ಅಂಗಡಿಯ ಗೋಡೆಗೆ ಶಾಲೆಯ ನೀಲಿ ಲಂಗವೊಂದು ಇಪ್ಪತ್ತು ವರ್ಷದಿಂದ ತೂಗುಬಿದ್ದಿದೆ. ಯಾರದ್ದೆಂದು ಮೊನ್ನೆ ಕೇಳಿಬಿಟ್ಟೆ. ದರ್ಜಿ ಕತ್ತರಿ ಕೆಳಗಿಟ್ಟ. "ತಂಗೀದು. ಗುಂಡಿ ಹೊಲಿಯೋಕೆ ಕೈ ಬೇಕು ಅಂತ ಒಂಬತ್ತನೇ ಕ್ಲಾಸಲ್ಲಿ ಬಿಡಿಸಿದ್ದು ನಾನೇ." ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ತಂಗಿ ತಲೆಯೆತ್ತದೆ, ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿ ಹೇಳಿದಳು: "ಸುಮ್ನೆ ಧೂಳು ಹಿಡೀತಿದೆ. ಅದನ್ನ ಬಿಚ್ಚಿ ನಂಗೊಂದು ಚೀಲ ಹೊಲ್ಕೊಡಣ್ಣ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಕಟ್ಟಿದ್ದೀನಿ, ಪುಸ್ತಕ ಇಟ್ಕೋಬೇಕು." ದರ್ಜಿ ಮೂಗೊರೆಸಿಕೊಂಡು ಲಂಗ ಇಳಿಸಿದ, ಕೈಯಾರೆ ಬಿಚ್ಚಿದ, ಚೀಲದ ಒಳಗೂ ಮೂರು ಬೆರಳು ಹೆಚ್ಚುವರಿ ಬಟ್ಟೆ ಮಡಚಿಟ್ಟ.