ಚಾಪೆಯ ಇನ್ನೊಂದು ತುದಿ

ಜಮಖಂಡಿಯ ಮೈದಾನಕ್ಕೆ ಇನ್ನೂ ಬಿಸಿಲು ಬಂದಿಲ್ಲ. ಅಂಪೈರ್ ಹಾಲಸಿದ್ದಪ್ಪ ಪಿಚ್ಚಿನ ಮೇಲೆ ನಾರಿನ ಚಾಪೆ ಹಾಸುತ್ತಿದ್ದಾರೆ. ಒಂದು ತುದಿಗೆ ಮೊಳೆ ಹೊಡೆದು ಇನ್ನೊಂದು ತುದಿ ಎಳೆಯುವಷ್ಟರಲ್ಲಿ ನಡುವೆ ಸುಕ್ಕು ಏಳುತ್ತದೆ. ಮತ್ತೆ ಬಂದು ಬಿಡಿಸುತ್ತಾರೆ. ಇದು ಇಬ್ಬರ ಕೆಲಸ. ಯಾರನ್ನಾದರೂ ಕರೆಯಬಾರದೇ ಎಂದರೆ ಹೇಳುತ್ತಾರೆ:

"ಕರದ್ರ ಬರ್ತಾರ್ರೀ. ಆದ್ರ ಆ ತುದಿ ನಮ್ಮಣ್ಣಂದು."

ಸಂಸ್ಥಾನದ ಕಾಲದಲ್ಲಿ ಚಾಪೆ ಹಾಸಲು ಆಳುಗಳಿದ್ದರು. ಊರು ಮುಂಬಯಿ ರಾಜ್ಯಕ್ಕೆ ಸೇರಿದ ಮೇಲೆ ಈ ಅಣ್ಣತಮ್ಮಂದಿರೇ ಹಾಸತೊಡಗಿದರು. ತಂದೆ ಅಮಸಿದ್ದಪ್ಪ ಪೈಲ್ವಾನ. ಅಣ್ಣ ಗಿರಮಲ್ಲಪ್ಪ ಊರ ತಂಡದ ನೆಚ್ಚಿನ ಬ್ಯಾಟುಗಾರ. ಹಾಲಸಿದ್ದಪ್ಪ ಬೌಲರ್ ಆಗಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ಅಂಪೈರಿನ ಬಿಳಿ ಕೋಟು ತೊಟ್ಟರು. ವಾರವೆಲ್ಲ ಕಂಬಳಿ ನೇಯುತ್ತಾರೆ.

ಹೋದ ವರ್ಷ ಮುಧೋಳದವರೊಡನೆ ಪಂದ್ಯ. ಗೆಲುವಿಗೆ ಒಂದು ಬೌಂಡರಿ ಸಾಕು, ಉಳಿದದ್ದು ಒಂದೇ ವಿಕೆಟ್, ಬ್ಯಾಟು ಅಣ್ಣನ ಕೈಯಲ್ಲಿ. ಚೆಂಡು ಸ್ಟಂಪಿನ ನೇರಕ್ಕೆ ಅವರ ಕಾಲಿಗೆ ಬಡಿಯಿತು. ಮುಧೋಳದವರು ಕೂಗಿದರು. ಅಂಪೈರ್ ಆಗಿದ್ದ ಹಾಲಸಿದ್ದಪ್ಪ ಔಟ್ ಎಂದು ಬೆರಳು ಎತ್ತಿದರು.

"ಅಣ್ಣ 'ನೀನೇನಲೇ?' ಅಂದ. ಅಷ್ಟಽ ಅಂದು ಹೋದ. ಆಮ್ಯಾಲ ಮಾತಿಲ್ರಿ."

ಇಬ್ಬರ ಮನೆಗೂ ಒಂದೇ ಗೋಡೆ. ಅಣ್ಣ ಕೆಮ್ಮಿದರೆ ಇವರಿಗೆ ಕೇಳುತ್ತದೆ. ಆದರೆ ಗಿರಮಲ್ಲಪ್ಪ ಮೈದಾನದ ಕಡೆ ತಲೆ ಹಾಕುವುದಿಲ್ಲ. ಹುಡುಗರು ಮಾತ್ರ, ಮುಧೋಳದವರನ್ನು ಗೆಲ್ಲಿಸಿದರೆಂದು ಹಾಲಸಿದ್ದಪ್ಪನವರನ್ನು ಇಂದಿಗೂ "ಏ ಮುಧೋಳದ ಅಳಿಯಾ!" ಎಂದು ಕಿಚಾಯಿಸುತ್ತಾರೆ.

"ನನ್ನ ಹೇಂತಿ ಗಲಗಲಿಯಾಕಿರೀ," ಎಂದು ಇವರು ನಗುತ್ತಾರೆ.

ಆ ಗಲಗಲಿಯ ತಂಗೆವ್ವ ರೊಟ್ಟಿ ಗಂಟು, ತೊಳೆದ ಕೋಟು ಹಿಡಿದು ಬರುತ್ತಾರೆ. "ಮಂದಿ ಮುಂದ ಬೆರಳ ಎತ್ತಾಕ ಬರ್ತೈತ್ರಿ ಇವರಿಗಿ. ಅಣ್ಣನ ಬಾಗಲಾ ಬಡಿಯಾಕ ಬರೂದಿಲ್ಲ."

"ಬಡದಿದ್ನಲ್ಲ, ಯುಗಾದಿಗಿ."

"ಒಮ್ಮಿ ಬಡದು ಓಡಿ ಬಂದ್ರ, ಅವರೇನ ಹಿಂದಽ ಬರ್ತಾರೇನು?"

ಹಾಲಸಿದ್ದಪ್ಪ ಸುತ್ತಿಗೆ ಕೆಳಗಿಡುತ್ತಾರೆ. "ಅಪ್ಪ ಕುಸ್ತಿಗೆ ಪಂಚ ಇದ್ದ, ಸೋಲು ಗೆಲುವು ಹೇಳಾಂವ. ಒಮ್ಮಿ ಅಣ್ಣ ಬಿದ್ದಾಗ, ಬಿದ್ದಾನಂತ ಅಪ್ಪನಽ ಹೇಳಿದ. ಅಣ್ಣ ಅತ್ತ. ಸಂಜೀಕ ಇಬ್ಬರೂ ಒಂದಽ ತಾಟಿನ್ಯಾಗ ಉಂಡ್ರು. ನಾವೂ ಹಂಗಽ ಉಣ್ತೀವಂತ ತಿಳದಿದ್ದೆ."

ಆವತ್ತು ಬೆರಳು ಎತ್ತಬಾರದಿತ್ತು ಅನಿಸುತ್ತದೆಯೇ?

"ಅಂವ ಔಟ್ ಇದ್ದ ಬಿಡ್ರಿ. ಇವತ್ತೂ ಎತ್ತತೇನಿ." ಸುತ್ತಿಗೆ ಮತ್ತೆ ಕೈಗೆತ್ತಿಕೊಂಡು, "ಆದ್ರ ಇವತ್ತ ಅವನ ಹಿಂದಽ ಹೋಗತಿದ್ದೆ," ಎನ್ನುತ್ತಾರೆ.

ಬಿಸಿಲೇರುತ್ತಿದೆ, ಆಟಗಾರರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಅಣ್ಣನ ತುದಿಯಲ್ಲಿ ಒಂದು ಮೊಳೆ ಬಾಕಿ. ಹೊಡೆಯುವುದಿಲ್ಲವೇ ಎಂದರೆ ಹಾಲಸಿದ್ದಪ್ಪ ಇಬ್ಬರ ಮನೆಯಿರುವ ಓಣಿಯ ಕಡೆ ನೋಡುತ್ತಾರೆ.

"ಹೊಡೀತೇನ್ರಿ. ಆಟ ಚಾಲೂ ಆಗಾಕ ಇನ್ನೂ ಹೊತ್ತೈತಿ."