ಗಡಿದಿಬ್ಬದ ಮಣ್ಣಿನ ಎತ್ತುಗಳು

ಮೊಮ್ಮಕ್ಕಳೇ, ನಾನು ನೆದರ್‌ಲ್ಯಾಂಡ್ಸಿಗೆ ಬಂದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿಕೊಟ್ಟ ಎತ್ತುಗಳನ್ನು ಮರುದಿನ ನಾನೇ ಮುರಿದೆ. ನೀವು ಅತ್ತಾಗ ಕಾರಣ ಹೇಳಲು ನಾಚಿಕೆಯಾಯಿತು.

ಊರಲ್ಲಿ ಎತ್ತು ಮಾಡಲು ನಮ್ಮದೇ ಹೊಲದ ಒಡ್ಡಿನಿಂದ ಮಣ್ಣು ತರುತ್ತಿದ್ದೆವು. ಇಲ್ಲಿ ಅಂಗಡಿಯಲ್ಲಿ ಸಿಗುವ ಚೀಲದ ಮಣ್ಣಿಗೆ ಜಿಗುಟೇ ಇಲ್ಲ. ಹಾಗಾಗಿ ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿರುವ ಉದ್ದನೆಯ ದಿಬ್ಬದ ಬುಡವನ್ನು ಚಮಚದಿಂದ ಅಗೆದು ಒಂದು ಡಬ್ಬಿ ಮಣ್ಣು ತಂದೆ.

ಪೂಜೆಯಾದ ಮೇಲೆ ನಿಮ್ಮ ಅವ್ವ ಕೇಳಿದಳು: “ಯವ್ವಾ, ಮಣ್ಣು ಎಲ್ಲಿಂದ ತಂದಿ?”

ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು.

“ಅದು ಸಾವಿರ ವರ್ಷದ ಹಿಂದ ಯಾರೋ ತಮ್ಮ ಸೀಮೆಗೆ ಹಾಕಿದ ಗಡಿ. ಅಗೀಬಾರದಂತ ಬೋರ್ಡ್ ಐತಲ್ಲ, ಕಾಣಲಿಲ್ಲೇನು?”

“ಕಂಡಿತ್ತವ್ವ. ನಾಯಿ ಬಿಡಬ್ಯಾಡ್ರಿ ಅಂತ ಬರದಾರ ಅಂದ್ಕೊಂಡೆ.”

ತೀರಿಹೋದ ನಿಮ್ಮ ಅಜ್ಜ, ಮಂದಿಯ ಹೊಲದ ಗಡಿಯ ಬದು ಕಡಿದವನ ಮನೆಯಲ್ಲಿ ನೀರನ್ನೂ ಕುಡಿಯುತ್ತಿರಲಿಲ್ಲ. ಈಗ ಅದೇ ಕೆಲಸವನ್ನು ನಾನು ಮಾಡಿದ್ದೆ. ಎತ್ತುಗಳನ್ನು ಪುಡಿ ಮಾಡಿ, ನಾನು ಅಗೆದ ಕುಣಿಗೇ ತುಂಬಲು ಹೋದೆವು. ದಿಬ್ಬ ನೋಡಿಕೊಳ್ಳುವವರಿಗೆ ನಿಮ್ಮ ಅವ್ವ ಮೊದಲೇ ಫೋನ್ ಮಾಡಿದ್ದಳು. ಅಲ್ಲಿಗೆ ಬಂದ ಹೆಣ್ಣುಮಗಳು ಬೈಯಲಿಲ್ಲ. ಕುಣಿಯ ಫೋಟೊ ತೆಗೆದು, ಮಣ್ಣು ಹಾಕಬೇಡಿ ಎಂದಳು. ಮಣ್ಣು ಪದರ ಪದರವಾಗಿ ಕೂತಿರುವುದನ್ನು ನೋಡಿಯೇ ಅವರು ಹಳೆಯ ಕಾಲವನ್ನು ತಿಳಿಯುತ್ತಾರಂತೆ. ನಾದಿದ ಮಣ್ಣಿನಿಂದ ಏನೂ ತಿಳಿಯುವುದಿಲ್ಲವಂತೆ.

ತಪ್ಪಾಯಿತು ಎನ್ನಲು ಅವಳ ಭಾಷೆ ಬರಲಿಲ್ಲ, ಕೈ ಮುಗಿದೆ. ವಾಪಸು ತಂದ ಆ ಮಣ್ಣು ಇನ್ನೂ ನಮ್ಮ ಬಾಲ್ಕನಿಯಲ್ಲಿದೆ. ಅದರಲ್ಲಿ ಗಿಡ ನೆಡೋಣ ಎಂದು ನೀವು ಕೇಳಿದಾಗಲೆಲ್ಲ ನಾನು ಬೇಡ ಎನ್ನುವುದು ಇದಕ್ಕೇ.